ಮೈಕ್ ದುಗ್ಗಪ್ಪನ ಮಾದರಿ ಬೀದಿ

ಸಾಗರದಲ್ಲಿ ಭಾಷಣ ಮಾಡಿ ದೊಡ್ಡವರಾದವರು ಬೇಕಾದಷ್ಟು ಜನ ಇದ್ದಾರೆ. ಅವರೆಲ್ಲರಿಗೂ ಮೈಕು ಕೊಟ್ಟು, ತಾನು ಮಾತ್ರ ಇದ್ದಲ್ಲೇ ಉಳಿದವನು ದುಗ್ಗಪ್ಪ ಒಬ್ಬನೇ. ಪೇಟೆಯಲ್ಲಿ ‘ಗುತ್ಯಮ್ಮ ಸೌಂಡ್ಸ್’ ಎಂಬ ಅವನದೊಂದು ಅಂಗಡಿ. ವರದಹಳ್ಳಿಗೆ ಬಂದ ಭಕ್ತರಿಗೆ ಚಪ್ಪಲಿ ಎಲ್ಲಿ ಬಿಡಬೇಕೆಂದು ಹೇಳಿದ್ದು ಅವನ ಹಾರ್ನು. ಕೆಳದಿಯ ಇತಿಹಾಸದ ಬಗ್ಗೆ ವಿದ್ವಾಂಸರು ವಾದಕ್ಕಿಳಿದಾಗ ಅದನ್ನು ಹೊರಗೆ ಮೇಯುತ್ತಿದ್ದ ದನಗಳಿಗೂ ಮುಟ್ಟಿಸಿದ್ದು ಅವನ ಬಾಕ್ಸು. ತುಮರಿಯ ಕಡೆ ಯಕ್ಷಗಾನವೆಂದರೆ, ಆಂಪ್ಲಿಫೈಯರನ್ನು ಮಡಿಲಲ್ಲಿ ಇಟ್ಟುಕೊಂಡು ಲಾಂಚಿನಲ್ಲಿ ಹೊಳೆ ದಾಟಿದವನು ಅವನು. ಇಷ್ಟೆಲ್ಲ ಮಾಡಿದವನಿಗೆ ಆ ಮೈಕುಗಳಲ್ಲಿ ಆಡಲು ಸಿಕ್ಕಿದ ಮಾತು ಎರಡೇ. ಒಂದು ‘ಹಲೋ’, ಇನ್ನೊಂದು ‘ಚೆಕ್’. ಅಷ್ಟರಲ್ಲಿ ಯಾರಾದರೂ ಬಂದು ಮೈಕು ಕಿತ್ತುಕೊಳ್ಳುತ್ತಿದ್ದರು.

ಆದರೆ ಸರ್ಕಾರಿ ಸಭೆಗಳಲ್ಲಿ ವೇದಿಕೆಯ ಬದಿಗೆ ಕೂತು ಕೂತು ದುಗ್ಗಪ್ಪನಿಗೆ ತಾನೂ ಆಡಳಿತದ ಒಂದು ಅಂಗ ಎಂಬ ಭಾವನೆ ಬಂದುಬಿಟ್ಟಿತ್ತು. ಅನುದಾನ, ಕ್ರಿಯಾಯೋಜನೆ, ಎರಡನೇ ಹಂತ ಮುಂತಾದ ಮಾತುಗಳು ಊಟದ ಹೊತ್ತಿಗೂ ಅವನ ಬಾಯಿಂದ ಬರುತ್ತಿದ್ದವು. “ಸಾರು ಇನ್ನೂ ಆಗಿಲ್ಲ” ಎಂದು ಹೆಂಡತಿ ದುಗ್ಗಮ್ಮ ಹೇಳಿದರೆ, “ಪ್ರಗತಿಯಲ್ಲಿದೆ ಅನ್ನು” ಎಂದು ತಿದ್ದುತ್ತಿದ್ದ. ದುಗ್ಗಪ್ಪನಿಗೆ ದುಗ್ಗಮ್ಮ. ಹೆಸರು ಕೂಡಿ ಬಂತೆಂದೇ ಜಾತಕ ನೋಡದೆ ಮದುವೆ ಮಾಡಿದರಂತೆ ಎಂದು ಬೀದಿಯವರು ನಗುತ್ತಿದ್ದರು.

ದುಗ್ಗಮ್ಮನ ಕಷ್ಟ ಒಂದೇ, ನೀರು. ಗುತ್ಯಮ್ಮನ ಕಟ್ಟೆ ಬೀದಿಗೆ ದಿನ ಬಿಟ್ಟು ದಿನ ನೀರು ಬಿಡುತ್ತಿದ್ದರು. ಪೈಪು ಹಾಕಿದ ಕಾಲದಲ್ಲಿ ಆ ದಿಕ್ಕಿನಲ್ಲಿ ಇದ್ದದ್ದು ಬೆರಳೆಣಿಕೆಯ ಮನೆ. ಈಗ ಮನೆಯ ಮೇಲೆ ಮನೆ ಬಂದರೂ ಪೈಪು ಅದೇ. ಬೀದಿಯ ಕೊನೆಯಲ್ಲಿದ್ದ ದುಗ್ಗಪ್ಪನ ಮನೆಗೆ ಬರುವಷ್ಟರಲ್ಲಿ ನೀರು ನೂಲಿನಷ್ಟು ಸಣ್ಣಗಾಗಿ, ಮಹಡಿಯ ಟ್ಯಾಂಕಿಗೆ ಏರುವ ಉತ್ಸಾಹ ಕಳೆದುಕೊಂಡಿರುತ್ತಿತ್ತು. ದುಗ್ಗಮ್ಮ ಅಂಗಳದ ನಲ್ಲಿಯ ಕೆಳಗೆ ಕೊಡಪಾನ ಇಟ್ಟು, ತುಂಬಿದ್ದನ್ನು ಸೊಂಟಕ್ಕೇರಿಸಿ ಹಿತ್ತಲಿನ ಡ್ರಮ್ಮಿಗೆ ಸುರಿಯಬೇಕು. ಅವಳ ಬಲಮಂಡಿ ವರ್ಷಗಳಿಂದ ಕೈಕೊಟ್ಟಿತ್ತು. ಮನೆ ಕಟ್ಟಿಸುವಾಗ ದುಗ್ಗಪ್ಪ, “ಇನ್ಮುಂದೆ ನೀನು ಕೊಡಪಾನ ಹೊರೋ ಹಾಗಿಲ್ಲ, ಅಡುಗೆಮನೇಲಿ ನಿಂತಲ್ಲೇ ನೀರು” ಎಂದು ಮಾತು ಕೊಟ್ಟಿದ್ದ. ಆ ಮಾತೂ ಪ್ರಗತಿಯಲ್ಲಿತ್ತು.

ಹೀಗಿರುವಾಗ ನೀರಿನ ದರ ಏರಿಸುವ ವಿಚಾರಕ್ಕೆ ಊರಿನವರ ಸಭೆ ಕರೆದರು. ಮೈಕು ದುಗ್ಗಪ್ಪನದೇ. ನೀರಿನ ಇಲಾಖೆಗೆ ಹೊಸದಾಗಿ ಬಂದಿದ್ದ ಹೊಸನಗರದ ಹುಡುಗಿ, ಇಂಜಿನಿಯರ್ ಸಮೀಕ್ಷಾ, ಎದ್ದು ನಿಂತು ವಿಷಯ ಬಿಡಿಸಿ ಹೇಳಿದಳು.

“ಊರು ಬೆಳೀತು, ಪೈಪ್ ಬೆಳೀಲಿಲ್ಲ. ಗುಡ್ಡದ ಮೇಲೆ ಹೊಸ ಟ್ಯಾಂಕ್ ಕಟ್ಟಾಗಿದೆ. ಆದ್ರೆ ಒಂದು ಮನೆಗೆ ನಿಜವಾಗಿ ಎಷ್ಟು ನೀರು ಬೇಕು, ಅದರಲ್ಲಿ ಒಳಚರಂಡಿಗೆ ಎಷ್ಟು ಹೋಗ್ತದೆ ಅಂತ ಗೊತ್ತಿಲ್ಲದೆ ದರ ಹೇಗೆ ಕಟ್ಟೋದು? ಅದಕ್ಕೆ ಒಂದೇ ಒಂದು ಬೀದಿಗೆ ಒಂದು ತಿಂಗಳು ಮೀಟರ್ ಹಾಕ್ತೀವಿ. ಮನೆಗೊಂದು ನೀರಿನ ಮೀಟರ್. ಬೀದಿ ಕೊನೇಲಿರೋ ಯುಜಿಡಿ, ಅಂದ್ರೆ ಒಳಚರಂಡಿ ಚೇಂಬರಿಗೆ, ಹೊರಗೆ ಹೋಗೋ ಕೊಳಚೆ ಅಳೆಯೋಕೆ ಇನ್ನೊಂದು ಮೀಟರ್. ಆ ಬೀದಿ ಲೆಕ್ಕದ ಮೇಲೆ ಇಡೀ ಊರಿನ ದರ. ಒಪ್ಪಿದ ಬೀದಿಗೆ ಆ ತಿಂಗಳು ಮುಗಿದ ಮೇಲೆ ಹೊಸ ಟ್ಯಾಂಕಿನ ನೀರು ಮೊದಲು ಕೊಡ್ತೀವಿ, ದಿನಾ ಕೊಡ್ತೀವಿ. ಯಾವ ಬೀದಿಯವರು ಒಪ್ತೀರಿ?”

ಮೀಟರ್ ಎಂದ ಕೂಡಲೇ ಜನ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಸ್ಟ್ಯಾಂಡಿನ ತಿರುಪು ಬಿಗಿ ಮಾಡುತ್ತಿದ್ದ ದುಗ್ಗಪ್ಪನ ಕಿವಿಗೆ ಮಾತ್ರ ‘ದಿನಾ’ ಎಂಬುದೊಂದೇ ಬಿತ್ತು. ಮೈಕು ಹೇಗೂ ಕೈಯಲ್ಲೇ ಇತ್ತು.

“ನಮ್ಮ ಬೀದಿ!” ಎಂದ.

ಹಾರ್ನಿನಿಂದ ತನ್ನದೇ ಧ್ವನಿ ಅಷ್ಟು ದೊಡ್ಡದಾಗಿ ಬಂದದ್ದು ಕೇಳಿ ಅವನೇ ಬೆಚ್ಚಿದ. ಜನ ಚಪ್ಪಾಳೆ ತಟ್ಟಿದರು. ಸಿಕ್ಕಿಬಿದ್ದವನು ಬೇರೆಯವನು ಎಂಬ ಸಂತೋಷಕ್ಕೆ ತಟ್ಟಿದ ಚಪ್ಪಾಳೆ ಅದು. ದುಗ್ಗಪ್ಪ ಅದನ್ನು ಅಭಿನಂದನೆ ಎಂದು ಬಗೆದು ಕೈ ಮುಗಿದ.

ಸಂಜೆ ಬೀದಿಯ ಬಾಯಲ್ಲಿದ್ದ ಕನ್ನಪ್ಪನ ಕ್ಯಾಂಟೀನಿನಲ್ಲಿ ಎಲ್ಲರೂ ಅವನನ್ನು ಮುತ್ತಿಕೊಂಡರು.

“ಎಂತ ಮಾರಾಯ, ನಮ್ಮನ್ನ ಒಂದು ಮಾತು ಕೇಳದೆ ಮೀಟರ್ ಒಪ್ಪಿಕೊಂಡು ಬಂದೆ?” ಎಂದ ಕನ್ನಪ್ಪ.

ದುಗ್ಗಪ್ಪ ಕಾಲ ಮೇಲೆ ಕಾಲು ಹಾಕಿ ಕೂತ. “ನೀವು ಸಭೇಲಿ ಕೂತು ಕೇಳಿದವರು. ನಾನು ವೇದಿಕೆ ಹತ್ರ ಕೂತು ಕೇಳಿದವ. ಒಳಗಿನ ಮರ್ಮ ಬೇರೆ ಇದೆ. ನಮ್ಮ ಮೀಟರ್ ಎಷ್ಟು ಕಡಿಮೆ ಓಡ್ತದೋ, ಅಷ್ಟು ಕಡಿಮೆ ದರ. ಇಡೀ ಊರಿಗೆ. ಊರಿನ ಕೀಲಿಕೈ ಈಗ ನಮ್ಮ ಕೈಲಿದೆ.”

“ಕಡಿಮೆ ಓಡ್ಬೇಕಾದ್ರೆ ನೀರು ಬಳಸದೆ ಇರ್ಬೇಕಲ್ಲ?”

“ನಲ್ಲಿ ನೀರು ಬಳಸದೆ ಇರ್ಬೇಕು,” ಎಂದ ದುಗ್ಗಪ್ಪ. “ನಮ್ಮ ಮನೆ ಮನೆಗೂ ಹಿತ್ತಲಲ್ಲಿ ಬಾವಿ ಇದೆ. ಅದಕ್ಕೆ ಮೀಟರ್ ಇದೆಯಾ?”

ಬೀದಿಯಲ್ಲಿ ಎಲ್ಲರಿಗಿಂತ ಓದಿದವರು ಸುಬ್ಬಕೃಷ್ಣ ಭಟ್ಟರು, ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಎಲ್ಲರೂ ಅವರ ಮುಖ ನೋಡಿದರು. ಅವರು ಕಣ್ಣು ಮುಚ್ಚಿ, ತೆರೆದು, “ಲೆಕ್ಕ ಸರಿ ಇದೆ” ಎಂದರು. ಅವರು ನಲವತ್ತು ಬ್ಯಾಚಿನ ಮಕ್ಕಳಿಗೆ ಹೇಳದೆ ಉಳಿಸಿಕೊಂಡಿದ್ದ ಪ್ರಶಂಸೆ ಅದು.

“ಮೋಸ ಅನ್ಸಲ್ವಾ?” ಎಂದ ಕನ್ನಪ್ಪ.

“ಮೋಸ ಎಂತದು? ಬಾವಿ ನಮ್ಮ ಅಜ್ಜ ತೋಡಿಸಿದ್ದು. ನಮ್ಮ ಬಾವಿ ನೀರು ನಾವು ಕುಡಿಯೋಕೆ ಯಾರನ್ನ ಕೇಳ್ಬೇಕು?”

“ಮತ್ತೆ ಆ ಚೇಂಬರಿನ ಮೀಟರು?”

ದುಗ್ಗಪ್ಪ ನಕ್ಕ. “ಅದು ಹೊಲಸು ಕನ್ನಪ್ಪ. ಹೊಲಸನ್ನ ಯಾರಾದ್ರೂ ಬಗ್ಗಿ ನೋಡ್ತಾರಾ?”

ಇಂಥ ದೊಡ್ಡ ಯೋಜನೆಗೆ ಒಂದು ಸಣ್ಣ ತೊಡಕಿತ್ತು. ನಲ್ಲಿ ಬಂದ ಮೇಲೆ ಬೀದಿಯ ಅಷ್ಟೂ ಬಾವಿಗಳ ಪಂಪುಗಳು ಗುಜರಿಗೆ ಹೋಗಿದ್ದವು. ಉಳಿದದ್ದು ಭಟ್ಟರ ಮನೆಯದೊಂದು. ಅದನ್ನು ಹಾಕಲು ದುಗ್ಗಪ್ಪ ಬಿಡಲಿಲ್ಲ. ಪಂಪು ಗುಂಯ್‌ಗುಟ್ಟಿದರೆ ಇಲಾಖೆಯವರಿಗೆ ಕೇಳಿಸುತ್ತದೆ, ಶಬ್ದದ ವಿಷಯದಲ್ಲಿ ತನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದ. ಆದ್ದರಿಂದ ಮನೆ ಮನೆಯಲ್ಲೂ ಹಳೆಯ ರಾಟೆಗೆ ಎಣ್ಣೆ ಬಿಟ್ಟು, ಹೊಸ ಹಗ್ಗ ಕಟ್ಟಿ, ಸದ್ದಿಲ್ಲದೆ ಸೇದುವುದೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವರು ಗಂಡಸರು. ಭಟ್ಟರು ಮನೆಗೆ ಹೋಗಿ ಹೆಮ್ಮೆಯಿಂದ ಸುದ್ದಿ ಹೇಳಿದಾಗ ಅವರ ಹೆಂಡತಿ ನಾಗರತ್ನಮ್ಮ ಮನೆಯ ಹವ್ಯಕ ಮಾತಿನಲ್ಲಿ, “ಬಾವಿಲಿ ನೀರು ಇದ್ದು. ಸೇದಲೆ ಜನ ಇಲ್ಲೆ” ಎಂದರಂತೆ. ಜನ ಯಾರೆಂದು ಮರುದಿನ ಬೆಳಿಗ್ಗೆಯೇ ಗೊತ್ತಾಯಿತು.

“ಒಂದೇ ತಿಂಗಳು ಕಣೆ, ಆಮೇಲೆ ಜೀವನಪೂರ್ತಿ ದಿನಾ ನೀರು” ಎಂದು ದುಗ್ಗಪ್ಪ ಹೇಳಿದಾಗ ದುಗ್ಗಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಹಗ್ಗ ಹಿಡಿದಳು. ದಿನ ಬಿಟ್ಟು ದಿನ ನೀರು ಹೊರುತ್ತಿದ್ದವಳು ಈಗ ದಿನವೂ ಸೇದಿ ಹೊರತೊಡಗಿದಳು. ದುಗ್ಗಪ್ಪ ಕೈ ಜೋಡಿಸುತ್ತಿದ್ದನೇನೋ. ಆದರೆ ಯೋಜನೆಯ ಮೇಲ್ವಿಚಾರಣೆಗೆ ಒಬ್ಬರು ಬೇಕಿತ್ತು. ಅವನು ಬೆಳಿಗ್ಗೆ ಎದ್ದು ಮನೆ ಮನೆಯ ಮೀಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮುಳ್ಳು ಅಲ್ಲಾಡಿಲ್ಲವೆಂದು ಖಾತ್ರಿ ಮಾಡಿಕೊಂಡು, “ಶಭಾಸ್” ಎಂದು ಮುಂದಿನ ಮನೆಗೆ ಹೋಗುತ್ತಿದ್ದ. ಮಕ್ಕಳ ಪರೀಕ್ಷೆಯ ಅಂಕವನ್ನೂ ಅವನು ಅಷ್ಟು ಶ್ರದ್ಧೆಯಿಂದ ನೋಡಿದವನಲ್ಲ.

ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ತೀರ್ಥಹಳ್ಳಿಯಿಂದ ದುಗ್ಗಮ್ಮನ ಅಣ್ಣ ಕೊಲ್ಲೂರಯ್ಯ ಬಂದಿಳಿದ.

ಕೊಲ್ಲೂರಯ್ಯ ಒಳ್ಳೆಯ ಮನುಷ್ಯ. ಆದರೆ ಸ್ನಾನ ಮಾತ್ರ ಬಹಳ. ತುಂಗೆಯ ದಂಡೆಯಲ್ಲಿ ಹುಟ್ಟಿದವನು, ಅವನಿಗೆ ಬಕೆಟ್ಟೆಂದರೆ ಲೋಟದ ಲೆಕ್ಕ. ಮೈಗೆಲ್ಲ ಎಣ್ಣೆ ಹಚ್ಚಿಕೊಂಡು, ಟವೆಲ್ ಸುತ್ತಿಕೊಂಡು ಅವನು ಬಚ್ಚಲಿಗೆ ಹೊರಟಾಗ ದುಗ್ಗಪ್ಪ ಅಡ್ಡ ಬಂದು ನಿಂತ.

“ಭಾವ, ಇವತ್ತು ಸ್ನಾನ ಬೇಕೇ ಬೇಕಾ? ಛಳಿ ಇದೆ.”

“ಸ್ನಾನ ಮಾಡಿದ್ರೆ ಛಳಿ ಹೋಗ್ತದೆ ಮಾರಾಯ,” ಎಂದು ಕೊಲ್ಲೂರಯ್ಯ ಬಾಗಿಲು ಹಾಕಿಕೊಂಡ. ಅವತ್ತು ನೀರು ಬಿಡುವ ದಿನ ಬೇರೆ. ಬೀದಿಯಲ್ಲಿ ಯಾರೂ ನಲ್ಲಿ ಮುಟ್ಟದ್ದರಿಂದ ಕೊನೆಯ ಮನೆಗೂ ನೀರು ರಭಸದಿಂದ ಬರುತ್ತಿತ್ತು. ಹಂಡೆಯ ಬಿಸಿನೀರಿಗೆ ಬೆರೆಸಲು ಅವನು ತಣ್ಣೀರ ನಲ್ಲಿಯನ್ನು ಪೂರಾ ತಿರುಗಿಸಿದ. ಹಾಗೇ ಬಿಟ್ಟು ಹಾಡು ಹೇಳತೊಡಗಿದ.

ದುಗ್ಗಪ್ಪ ಅಂಗಳಕ್ಕೆ ಓಡಿದ. ಮೀಟರಿನ ಮುಳ್ಳು ಗಿರಗಿರ ತಿರುಗುತ್ತಿತ್ತು. ಇಡೀ ಬೀದಿ ಹನಿ ಹನಿ ಉಳಿಸಿದ್ದು ಒಬ್ಬ ಭಾವನ ಬೆನ್ನ ಮೇಲೆ ಹರಿದು ಹೋಗುತ್ತಿತ್ತು. ನೋಡಿ ತಡೆಯಲಾಗದೆ ದುಗ್ಗಪ್ಪ ಮೀಟರಿನ ಪಕ್ಕದ ವಾಲ್ವನ್ನು ಕಿವಿ ಹಿಂಡುವಂತೆ ಹಿಂಡಿ ಬಂದ್ ಮಾಡಿದ.

ಬಚ್ಚಲಿನಲ್ಲಿ ಹಾಡು ನಿಂತಿತು.

“ದುಗ್ಗಪ್ಪಾ! ನೀರು ನಿಂತೋಯ್ತು! ಕಣ್ಣಿಗೆಲ್ಲ ಸೋಪು!”

“ಕರೆಂಟ್ ಹೋಗಿದೆ ಭಾವ!” ಎಂದು ಗಾಬರಿಯಲ್ಲಿ ದುಗ್ಗಪ್ಪ ಕೂಗಿದ.

“ನಲ್ಲಿಗೂ ಕರೆಂಟಿಗೂ ಎಂತ ಸಂಬಂಧ?”

ಕೂಗು ಕೇಳಿ ನಾಗರತ್ನಮ್ಮ ತಮ್ಮ ಬಾವಿಯಿಂದ ಒಂದು ಬಕೆಟ್ ತಂದರು. ಕನ್ನಪ್ಪ ಕ್ಯಾಂಟೀನಿನಿಂದ ಒಂದು ತಂದ. ಭಟ್ಟರು ತಂಬಿಗೆ ಹಿಡಿದು ಬಂದರು. ಬೀದಿಗೆ ಬೀದಿಯೇ ಬಚ್ಚಲಿನ ಬಾಗಿಲಲ್ಲಿ ಸೇರಿ, ಬಾಗಿಲ ಸಂದಿಯಿಂದ ಕೈ ಕೈ ದಾಟಿಸಿ ಕೊಲ್ಲೂರಯ್ಯನ ಸ್ನಾನ ಮುಗಿಸಿತು. ಕೆಂಡದಂಥ ಕಣ್ಣು ಬಿಟ್ಟುಕೊಂಡು ಅವನು ಹೊರಗೆ ಬಂದಾಗ ಹಿತ್ತಲಲ್ಲಿ ತಂಗಿ ಹಗ್ಗ ಎಳೆಯುತ್ತಿದ್ದಳು. ಒಂದು ಕೈ ಹಗ್ಗದ ಮೇಲೆ, ಇನ್ನೊಂದು ಮಂಡಿಯ ಮೇಲೆ.

ಕೊಲ್ಲೂರಯ್ಯನ ಕೋಪ ಇಳಿಯಿತು. ಇಳಿದು ಬೇರೆಯೇ ಆಯಿತು. “ಸಾಗರಕ್ಕೆ ಕೊಟ್ರೆ ನಲ್ಲಿ ನೀರಿರ್ತದೆ ಅಂತ ಅಪ್ಪಯ್ಯ ಕೊಟ್ಟಿದ್ದು,” ಎಂದ. “ನಡಿ ದುಗ್ಗಿ, ತೀರ್ಥಹಳ್ಳಿಗೆ. ಈ ಮಂಡಿಗೆ ಆಗೋ ಕೆಲಸ ಅಲ್ಲ ಇದು.”

“ತಿಂಗಳು ಮುಗೀಲಿ ಅಣ್ಣಯ್ಯ,” ಎಂದಳು ದುಗ್ಗಮ್ಮ.

“ಮುಗಿದ ಮೇಲೆ?”

“ಮುಗಿದ ಮೇಲೂ ಸೇದೋದೇ ಆದ್ರೆ ಬರ್ತೀನಿ.”

ತಮಾಷೆಯ ಮಾತಲ್ಲ ಅದು. ದುಗ್ಗಪ್ಪನಿಗೂ ಅದು ಗೊತ್ತಾಯಿತು. ಅವತ್ತು ಊಟಕ್ಕೆ ಕೂತಾಗ ಅವನು ಆಡಳಿತದ ಭಾಷೆಯಲ್ಲಿ ಏನೂ ಮಾತಾಡಲಿಲ್ಲ. ಸಾರು ಆಗದಿದ್ದರೂ ಸುಮ್ಮನೆ ಕಾದ.

ತಿಂಗಳು ತುಂಬಿತು. ಸಮೀಕ್ಷಾ ಮೀಟರು ಓದಲು ಬಂದಳು. ಒಂದೊಂದು ಮನೆಯ ಮೀಟರನ್ನೂ ಎರಡೆರಡು ಸಲ ಉಜ್ಜಿ ನೋಡಿದಳು. ಕೊನೆಯ ಚೇಂಬರಿನ ಮುಚ್ಚಳ ತೆಗೆಸಿ ಅಲ್ಲಿಯದನ್ನೂ ಓದಿದಳು. ಆಮೇಲೆ ಕನ್ನಪ್ಪನ ಕ್ಯಾಂಟೀನಿಗೆ ಬಂದು, ತಲೆ ಹಿಡಿದುಕೊಂಡು ಕೂತಳು.

“ಏನು ಮೇಡಂ, ತಲೆನೋವಾ?” ಎಂದು ದುಗ್ಗಪ್ಪ ಓಡಿ ಬಂದ.

“ನಿಮ್ಮ ಬೀದಿಗೆ ನಾವು ಕೊಟ್ಟ ನೀರು ಇಷ್ಟೇ ಇಷ್ಟು,” ಎಂದು ಅವಳು ಕಾಫಿ ಲೋಟ ತೋರಿಸಿದಳು. “ಚೇಂಬರಿಂದ ಹೊರಗೆ ಹೋಗಿದ್ದು ಅಷ್ಟು,” ಎಂದು ಮೂಲೆಯಲ್ಲಿದ್ದ ಡ್ರಮ್ಮು ತೋರಿಸಿದಳು. “ಒಂದು ಲೋಟ ಕುಡಿದು ಒಂದು ಡ್ರಮ್ ಬಿಡೋ ಜನಾನ ನಾನು ಎಲ್ಲೂ ಓದಿಲ್ಲ.”

ಹೊಲಸನ್ನು ಬಗ್ಗಿ ನೋಡುವವರೂ ಇರುತ್ತಾರೆಂದು ದುಗ್ಗಪ್ಪನಿಗೆ ಆಗಲೇ ತಿಳಿದದ್ದು. ಅವನು ಗಂಟಲು ಸರಿಪಡಿಸಿಕೊಂಡ.

“ಅದು ಮೇಡಂ, ನಮ್ಮ ಊಟದ ಕ್ರಮ. ಮುಳ್ಳುಸೌತೆ ಜಾಸ್ತಿ ತಿಂತೀವಿ. ಅದರಲ್ಲಿ ಪೂರ್ತಿ ನೀರೇ.”

“ಮಜ್ಜಿಗೆಯೂ ಹೆಚ್ಚು,” ಎಂದರು ಭಟ್ಟರು, ಸತ್ಯವನ್ನು ಬಿಟ್ಟ ಹಾಗೂ ಆಗಬಾರದು, ಬೀದಿಯನ್ನು ಬಿಟ್ಟ ಹಾಗೂ ಆಗಬಾರದು ಎಂಬ ಧ್ವನಿಯಲ್ಲಿ. “ತಂಬುಳಿ ಇದೆ. ಅಪ್ಪೆಹುಳಿಯಂತೂ ನೀರಿಗಿಂತ ನೀರು.”

“ನಮ್ಮ ಬೀದಿ ಹೆಂಗಸರಿಗೆ ಅಳುವೂ ಜಾಸ್ತಿ, ಸಂಜೆ ಧಾರಾವಾಹಿ ನೋಡಿ,” ಎಂದು ಕನ್ನಪ್ಪ ತನ್ನ ಪಾಲಿನದನ್ನು ಸೇರಿಸಿದ.

“ನಾನೂ ಹೊಸನಗರದವಳೇ. ನಮ್ಮನೇಲೂ ಅಪ್ಪೆಹುಳಿ ಮಾಡ್ತಾರೆ,” ಎಂದಳು ಸಮೀಕ್ಷಾ. “ಅದು ಡ್ರಮ್ ತುಂಬಲ್ಲ.”

ಅವಳಿಗೆ ಅನುಮಾನ ಬಿಡಲಿಲ್ಲ. ಆದರೆ ಶಿವಮೊಗ್ಗದಿಂದ ಬಂದ ದೊಡ್ಡ ಸಾಹೇಬರಿಗೆ ಯಾವ ಅನುಮಾನವೂ ಬರಲಿಲ್ಲ. ನೀರಿನ ಮೀಟರಿನ ಅಂಕಿ ನೋಡಿ ಅವರು ಕುಣಿದಾಡುವುದೊಂದು ಬಾಕಿ. “ಚೇಂಬರ್ ಮೀಟರ್ ಕೆಟ್ಟಿರ್ಬೇಕು, ಬಿಡಿ. ಇಷ್ಟು ಕಡಿಮೆ ನೀರಲ್ಲಿ ಬದುಕೋ ಬೀದಿ ರಾಜ್ಯದಲ್ಲೇ ಬೇರೆ ಇಲ್ಲ. ಮಾದರಿ ಬೀದಿ ಅಂತ ಘೋಷಿಸೋಣ. ಆ ದುಗ್ಗಪ್ಪನವರಿಗೆ ಸನ್ಮಾನ ಆಗಲೇಬೇಕು” ಎಂದು ಅಪ್ಪಣೆ ಮಾಡಿದರು.

ಸುದ್ದಿ ತಂದವನನ್ನು ದುಗ್ಗಪ್ಪ ಎರಡು ಸಲ ಕೇಳಿದ, “ನನಗಾ? ಮೈಕು ಕೊಡೋಕಾ, ಸನ್ಮಾನಕ್ಕಾ?” ಎಂದು. ಸನ್ಮಾನಕ್ಕೇ. ಭಾಷಣವೂ ಇದೆ. ಅವನು ಮನೆಯೊಳಗೆ ಹೋಗಿ ಗೋಡೆಯ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತ. ಖುಷಿಗೆ ಅವನ ಕಣ್ಣು ಒದ್ದೆಯಾಗಿತ್ತು.

ದುಗ್ಗಪ್ಪನ ಮನೆಯ ಮುಂದೆಯೇ ಶಾಮಿಯಾನ ಬಿತ್ತು. ಊರಿನ ಬೇರೆ ಬೀದಿಗಳವರೂ ತಮ್ಮ ದರ ಏನಾಯಿತೆಂದು ತಿಳಿಯಲು ಬಂದು ಕೂತರು. ಕೊಲ್ಲೂರಯ್ಯನೂ ಬಂದಿದ್ದ, ಮುಂದಿನ ಸಾಲಿನಲ್ಲಿ, ಮುಖ ಗಂಟಿಕ್ಕಿಕೊಂಡು. ದುಗ್ಗಪ್ಪ ತನ್ನ ಸನ್ಮಾನಕ್ಕೆ ತಾನೇ ಮೈಕು ಕಟ್ಟಿದ. ವೇದಿಕೆಗೆ ಸ್ಟ್ಯಾಂಡ್ ಮೈಕು. ಅದಲ್ಲದೆ ಅಂಗಡಿಗೆ ಅದೇ ವಾರ ತರಿಸಿದ ಕಾರ್ಡ್‌ಲೆಸ್ ಒಂದು. ಅದರ ಅಲೆ ಎಲ್ಲಿಯವರೆಗೆ ಮುಟ್ಟುತ್ತದೆಂದು ಪರೀಕ್ಷಿಸುತ್ತ, ಹಲೋ ಹಲೋ ಎನ್ನುತ್ತ ಮನೆ ಸುತ್ತಿ ಹಿತ್ತಲಿಗೆ ಬಂದ. ಬಾವಿಕಟ್ಟೆಯಿಂದಲೂ ಅಲೆ ಮುಟ್ಟುತ್ತಿತ್ತು! ಆ ಆನಂದದಲ್ಲಿರುವಾಗಲೇ ಹೊರಗಿನಿಂದ, “ಸಾಹೇಬ್ರು ಬಂದ್ರು!” ಎಂದು ಯಾರೋ ಕೂಗಿದರು. ದುಗ್ಗಪ್ಪ ಮೈಕನ್ನು ಬಾವಿಕಟ್ಟೆಯ ಮೇಲೆ ಇಟ್ಟು, ಪಂಚೆ ಸರಿಮಾಡಿಕೊಂಡು ಓಡಿದ. ಅದರ ಸ್ವಿಚ್ಚು ಆರಿಸುವುದು ಅವನಿಗೆ ನೆನಪಾಗಲಿಲ್ಲ.

ದೊಡ್ಡ ಸಾಹೇಬರು ದುಗ್ಗಪ್ಪನಿಗೆ ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮಾತಿಗೆ ನಿಂತರು.

“ನೀರಿನ ಬೆಲೆ ಅರಿತ ಬೀದಿ ಇದು. ಇಂಥ ಬೀದಿಗೆ ದಿನಾ ನೀರು ಕೊಟ್ಟರೆ ನೀರಿಗೂ ನಷ್ಟ, ಬೀದಿಗೂ ಅವಮಾನ. ಆದ್ದರಿಂದ ಹೊಸ ಟ್ಯಾಂಕಿನ ನೀರನ್ನು ಬೇರೆ ಬಡಾವಣೆಗೆ ತಿರುಗಿಸುತ್ತಿದ್ದೇವೆ. ಇಲ್ಲಿಗೆ ವಾರಕ್ಕೊಂದು ಸಲ ಧಾರಾಳ ಸಾಕು.”

ಬೀದಿಯವರ ಮುಖ ಕಪ್ಪಿಟ್ಟಿತು. ಸಾಹೇಬರು ಮುಂದುವರಿಸಿದರು. “ಇನ್ನು ಮೇಲೆ ಇಡೀ ಊರಿಗೂ ಇದೇ ಅಳತೆ. ಗುತ್ಯಮ್ಮನ ಕಟ್ಟೆ ಬೀದಿಯವರಿಗಿಂತ ಹೆಚ್ಚು ನೀರು ಬಳಸಿದವರಿಗೆ ದುಬಾರಿ ದರ!”

ಈಗ ಊರಿನವರ ಮುಖವೂ ಕಪ್ಪಿಟ್ಟಿತು. ಶಾಮಿಯಾನದ ಅಷ್ಟೂ ಕಣ್ಣು ಪೇಟದ ಕೆಳಗಿನ ದುಗ್ಗಪ್ಪನ ಮೇಲೆ ನೆಟ್ಟವು. ಕೊಲ್ಲೂರಯ್ಯ ಎದ್ದು ನಿಂತು ಮನೆಯ ಕಡೆ ನೋಡಿದ, ತಂಗಿಯ ಬಟ್ಟೆಬರೆ ಕಟ್ಟಿಸಲು ಹೊರಟವನಂತೆ. ಅದೇ ಹೊತ್ತಿಗೆ ನಿರೂಪಕರು, “ಈಗ ಸನ್ಮಾನಿತರಿಂದ ನಾಲ್ಕು ಮಾತು” ಎಂದರು.

ಜೀವಮಾನವಿಡೀ ಕಾದ ಮೈಕು ಎದುರಿಗಿತ್ತು. ದುಗ್ಗಪ್ಪ ಅದನ್ನು ಎರಡು ಬೆರಳಿಂದ ತಟ್ಟಿ ನೋಡಿದ.

“ಮಾನ್ಯರೇ,” ಎಂದ. “ನಾವು ನೀರು ಕಡಿಮೆ ಬಳಸೋದು ಹೌದು. ಹಾಗಂತ ಕೊಟ್ರೆ ಬೇಡ ಅನ್ನೋ ಅಹಂಕಾರ ನಮಗಿಲ್ಲ. ಮಿತವ್ಯಯ ಅಂದ್ರೆ ಏನು? ಮಿತವ್ಯಯ ಅಂದ್ರೆ…”

ಕಿರ್ರ್… ಕಿರ್ರ್… ಎಂದು ಎರಡೂ ಹಾರ್ನಿನಿಂದ ಸದ್ದು ಬಂತು. ದುಗ್ಗಪ್ಪ ಅಭ್ಯಾಸಬಲದಿಂದ ಸ್ಟ್ಯಾಂಡಿನ ವೈರು ಅಲ್ಲಾಡಿಸಿ ನೋಡಿದ. ವೈರಿನ ದೋಷವಲ್ಲ. ಎಣ್ಣೆ ಆರಿದ ರಾಟೆ. ಆಮೇಲೆ ಧುಡುಂ ಎಂದು ಕೊಡಪಾನ ನೀರಿಗೆ ಬಿದ್ದ ಸದ್ದು. ಅದರ ಹಿಂದೆಯೇ ನಾಗರತ್ನಮ್ಮನ ಧ್ವನಿ, ಪೇಟೆಗೆಲ್ಲ ಕೇಳುವಂತೆ.

“ಸಾಕು ದುಗ್ಗಮ್ಮ, ಇಷ್ಟು ಜನಕ್ಕೆ ಕಾಫಿಗೆ ಇನ್ನೆಷ್ಟು ಕೊಡ ಸೇದ್ತೀರಿ? ನಲ್ಲೀಲಿ ಹಿಡೀರಿ ಅತ್ಲಾಗೆ.”

“ಮೀಟರ್ ಓಡ್ತದಲ್ಲ ನಾಗರತ್ನಮ್ಮ,” ಎಂದಿತು ದುಗ್ಗಮ್ಮನ ಧ್ವನಿ. “ಒಂದು ತಿಂಗಳು ಬೀದಿಗೆ ಬೀದಿ ಬಾವಿ ನೀರೇ ಸೇದಿದ್ದು. ಇವತ್ತೊಂದಿನ ಆಗಿಹೋಗ್ಲಿ.”

ಸಾಹೇಬರು ಹಾರ್ನಿನ ಕಡೆ ತಿರುಗಿದರು. ಭಟ್ಟರು ಕಣ್ಣು ಮುಚ್ಚಿಕೊಂಡರು.

“ನಿಮ್ಮ ಮಂಡಿ ಊದ್ಕೊಂಡಿದೆ. ನಿಮ್ಮ ಯಜಮಾನ್ರಿಗೆ ಒಂದು ಮಾತು ಹೇಳೋಕೆ ಎಂತ?”

ಕೊಡಪಾನವನ್ನು ಕಟ್ಟೆಯ ಮೇಲೆ ಇಟ್ಟ ಸದ್ದು ಹಾರ್ನಿನಲ್ಲಿ ಬಂತು.

“ಹೇಳ್ಬಹುದಿತ್ತು,” ಎಂದಳು ದುಗ್ಗಮ್ಮ. “ಎಷ್ಟು ವರ್ಷದಿಂದ ಊರವರ ಮಾತಿಗೆಲ್ಲ ಮೈಕ್ ಹಿಡೀತಾರೆ. ಇವರ ಮಾತು ಯಾರೂ ಕೇಳಿದ್ದಿಲ್ಲ. ಈ ತಿಂಗಳು ಕೇಳಿದ್ರು. ಎಷ್ಟು ಖುಷಿಯಾಗಿದ್ರು ಗೊತ್ತಾ, ಮಕ್ಕಳ ಹಾಗೆ. ಮೊದಲ್ನೇ ಸಲ ಮಾತಾಡ್ತಾ ಇದಾರೆ, ಮುಗೀಲಿ ಅಂತ ಸುಮ್ನಿದೀನಿ. ಸೇದೋದೇನು, ಸೇದಿದ್ರಾಯ್ತು. ನಾಳೆ ಅಣ್ಣನ ಜೊತೆ ತೀರ್ಥಹಳ್ಳಿಗೆ ಹೋಗಿ ಸ್ವಲ್ಪ ದಿನ ಕಾಲು ಚಾಚಿ ಮಲಗ್ತೀನಿ.”

ಶಾಮಿಯಾನದಲ್ಲಿ ಒಬ್ಬರೂ ನಗಲಿಲ್ಲ. ಪೇಟ ಕಿವಿಯವರೆಗೆ ಜಾರಿದ್ದರೂ ದುಗ್ಗಪ್ಪನಿಗೆ ಪರಿವೆ ಇರಲಿಲ್ಲ. ಅವನಿಗೆ ಬಹಳ ನಾಚಿಕೆಯಾಯಿತು. ಅವನು ಮೈಕಿಗೆ ಬಾಯಿ ಹತ್ತಿರ ತಂದ.

“ಸಾಹೇಬ್ರೇ, ನಮಗೆ ನೀರು ಬೇಕು. ಬಹಳ ಬೇಕು. ಎಲ್ಲರ ಹಾಗೇ ಬೇಕು. ನಾವು ಮೀಟರ್ ಓಡ್ಬಾರ್ದು ಅಂತ ಬಾವಿ ನೀರು ಸೇದಿದ್ವಿ. ಬೀದಿಯವರದ್ದು ತಪ್ಪಿಲ್ಲ, ತಲೆ ನನ್ನದು. ಸೇದಿದ್ವಿ ಅಂದೆ, ಅದೂ ಸುಳ್ಳು. ನಾನು ಸೇದಿಲ್ಲ. ಅವಳು ಸೇದಿದ್ದು.”

ಇಷ್ಟು ಹೇಳಿ ಕೂತುಬಿಟ್ಟ. ಸಾಗರದಲ್ಲಿ ಇಷ್ಟು ಚಿಕ್ಕ ಭಾಷಣವನ್ನು ಯಾರೂ ಕೇಳಿರಲಿಲ್ಲ.

ಮೊದಲು ಎದ್ದವಳು ಸಮೀಕ್ಷಾ. ಬೈಯುತ್ತಾಳೆಂದು ಎಲ್ಲರೂ ಎಣಿಸಿದರೆ ಅವಳು ಕುರ್ಚಿಯಿಂದ ಹಾರಿ, “ಸರ್! ಚೇಂಬರ್ ಮೀಟರ್ ಸರಿ ಇತ್ತು! ನಾನು ಹೇಳಿದ್ನಲ್ಲ ಸರ್, ಸರಿ ಇತ್ತು!” ಎಂದು ಚಪ್ಪಾಳೆ ತಟ್ಟಿದಳು. “ಬಾವಿ ನೀರಾದ್ರೂ ಹೋಗೋದು ನಮ್ಮ ಯುಜಿಡಿಗೇ. ಚೇಂಬರಿಂದ ಹೊರಗೆ ಹೋಗಿದ್ದೇ ಈ ಬೀದಿಯ ನಿಜವಾದ ಖರ್ಚು. ನಮಗೆ ಬೇಕಾಗಿದ್ದ ಲೆಕ್ಕ ಸಿಕ್ತು!”

ಸಾಹೇಬರು ಪೇಚಿಗೆ ಸಿಕ್ಕಿದರು. ಹೊದಿಸಿದ ಶಾಲು ವಾಪಸು ಕೇಳುವ ಕ್ರಮ ಸರ್ಕಾರದಲ್ಲಿಲ್ಲ. ಅವರು ಸಮೀಕ್ಷಾಳ ಜೊತೆ ಗುಸುಗುಸು ಮಾತಾಡಿ, ಮೀಸೆ ಒರೆಸಿಕೊಂಡು, ತೀರ್ಪು ಹೇಳಿದರು. ಚೇಂಬರಿನ ಲೆಕ್ಕದ ಪ್ರಕಾರ ಈ ಬೀದಿಗೂ ಊರಿನ ಉಳಿದವರಷ್ಟೇ ನೀರು ಬೇಕು. ಮಾತು ಕೊಟ್ಟ ಹಾಗೆ ಹೊಸ ಟ್ಯಾಂಕಿನ ನೀರು ಮುಂದಿನ ತಿಂಗಳಿನಿಂದ ಇಲ್ಲಿಗೇ ಮೊದಲು, ದಿನಾ. ಊರಿನ ದರವೂ ಆ ಲೆಕ್ಕದ ಮೇಲೆಯೇ. ಆದರೆ ಬಾವಿ ಇಟ್ಟುಕೊಂಡ ಮನೆಯವರು ಒಳಚರಂಡಿಗೆ ಬೇರೆ ಶುಲ್ಕ ಕೊಡಬೇಕು.

“ನ್ಯಾಯವೇ,” ಎಂದರು ಭಟ್ಟರು. ಅವರ ಮನೆಯಲ್ಲಿ ಬಾವಿ ಎರಡು ಇದ್ದದ್ದು ನೆನಪಾಗಿ, “ಹೆಚ್ಚು ಕಡಿಮೆ ನ್ಯಾಯ,” ಎಂದು ತಿದ್ದಿದರು.

ಕೊಲ್ಲೂರಯ್ಯ ಮೆಲ್ಲಗೆ ಕುರ್ಚಿಯಲ್ಲಿ ಕೂತ. “ಮುಂದಿನ ತಿಂಗಳು ತಾನೇ,” ಎಂದು ತನಗೆ ತಾನೇ ಹೇಳಿಕೊಂಡ. “ಅಲ್ಲಿವರೆಗೆ ಯಾರು ಸೇದ್ತಾರೆ ನೋಡೋಣ.”

ಅವನು ಮಾತು ಮುಗಿಸುವಷ್ಟರಲ್ಲಿ ವೇದಿಕೆಯ ಮೇಲೆ ದುಗ್ಗಪ್ಪ ಇರಲಿಲ್ಲ. ಮನೆ ಸುತ್ತಿ ಹಿತ್ತಲಿಗೆ ಓಡಿದ್ದ. ಹಾರ್ನಿನಲ್ಲಿ ಅವನ ಏದುಸಿರು ಬಂತು. “ಬಿಡು, ಬಿಡು, ಹಗ್ಗ ಇಲ್ಲಿ ಕೊಡು. ಕೂತ್ಕೋ ನೀನು” ಎಂಬ ಮಾತು ಬಂತು. “ಪೇಟ ತೆಗೆದಿಡಿ, ಬಾವಿಗೆ ಬೀಳ್ತದೆ” ಎಂದು ದುಗ್ಗಮ್ಮ ಹೇಳಿದ್ದೂ ಬಂತು. ರಾಟೆ ಎರಡು ಸುತ್ತು ಕಿರುಗುಟ್ಟಿ ನಿಂತು, ಹಗ್ಗ ಜಾರಿ, ಕೊಡಪಾನ ಮತ್ತೆ ಧುಡುಂ ಎಂದು ಬಿತ್ತು. ಮತ್ತೆ ಕಿರುಗುಟ್ಟಿತು, ಮತ್ತೆ ಧುಡುಂ. ಶಾಮಿಯಾನದಲ್ಲಿ ನಗು ಎದ್ದಿತು. ಸಾಹೇಬರೂ ನಕ್ಕರು.

“ಅಯ್ಯೋ ದುಗ್ಗಮ್ಮ, ಈ ಮೈಕು ಆನ್ ಇದೆ ಕಾಣ್ತದೆ!” ಎಂದು ನಾಗರತ್ನಮ್ಮ ಕಿರುಚಿದರು.

ಯಾರೋ ಮೈಕನ್ನು ಎತ್ತಿಕೊಂಡ ಗರಗರ ಸದ್ದಾಯಿತು. ಆಮೇಲೆ ದುಗ್ಗಮ್ಮನ ಧ್ವನಿ, ನಿಧಾನಕ್ಕೆ, ಸ್ಪಷ್ಟವಾಗಿ, ಅಭ್ಯಾಸವಿದ್ದವಳಂತೆ ಬಂತು.

“ಎಲ್ರೂ ಸ್ವಲ್ಪ ಕೂತ್ಕಳಿ. ಕಾಫಿ ತಡ ಆಗ್ತದೆ. ಸೇದೋರು ಹೊಸಬರು.”